ಎರಡನೇ ಎಣಿಕೆ

ಹೋಬಾರ್ಟಿನ ಬಂದರುಕಟ್ಟೆಯ ಹಿಂದೆ, ನೆಲಮಾಳಿಗೆಯಲ್ಲಿ,
ಸೀಸದ ಇಟ್ಟಿಗೆಯ ಗೂಡೊಳಗೆ ಐದು ಬಿಲ್ಲೆಗಳನ್ನಿಟ್ಟು
ಬಾಗಿಲು ಹಾಕಿದ್ದೇನೆ.
ಹಳೆಯ ಎಂಟಾಣೆಯಷ್ಟಗಲ ಒಂದೊಂದೂ.
ನಾಲ್ಕಕ್ಕೆ ಡಿಕಾಕ್ಷನ್ನಿನ ಬಣ್ಣ:
ನಾಲ್ಕು ನಾಲ್ಕು ಲೀಟರು ದಕ್ಷಿಣ ಸಾಗರ ಸೋಸಿ
ಉಳಿದದ್ದು ಇಷ್ಟು.
ಐದನೆಯದು ಪಾಚಿಹಸಿರು, ಪಂಪಿನದು,
ನೂರೈವತ್ತು ಮೀಟರು ಆಳದ್ದು.

ಮೊದಲ ಸಲ ಎಣಿಸಿದ್ದು ಹಡಗಿನಲ್ಲೇ,
ಜನವರಿ, ಕತ್ತಲಾಗದ ರಾತ್ರಿ.
ಮೇಜಿನ ಮೇಲಿನ ಲೋಟ ಒಮ್ಮೆ ನನ್ನ ಕಡೆ
ಒಮ್ಮೆ ಲಿಂಡಲ್ ಕಡೆ ಜಾರುತ್ತಿತ್ತು.
ಈಗ ಜುಲೈ. ಬೆಟ್ಟದ ನೆತ್ತಿಗೆ ಹಿಮ. ಲೋಟ ಇಟ್ಟಲ್ಲೇ ಇದೆ.
ಆರು ತಿಂಗಳು ಕಾಯಬೇಕು, ನಿಯಮ.
ಅಷ್ಟರಲ್ಲಿ ಥೋರಿಯಂ ತೀರಿ,
ಬಿಲ್ಲೆಯಲ್ಲಿ ಹಿನ್ನೆಲೆಯ ಸದ್ದೊಂದೇ ಉಳಿದಿರುತ್ತದೆ.

ಟಿಕ್.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ.
ದೇವರ ವಿಷಯ ತಿಳಿಯದು, ಕಡಲಲ್ಲಿ
ಉಪ್ಪು ಮತ್ತು ತಾಯಿ ಒಟ್ಟಿಗೇ ಇರುವುದು ಮಾತ್ರ ನಿಜ:
ಉಪ್ಪನ್ನಳೆದರೆ ಸಾಕು,
ಯುರೇನಿಯಂ ಎಷ್ಟೆಂದು ಗೊತ್ತಾಗುತ್ತದೆ.
ಕರಗಿ ನಿಂತವಳು, ಯಾರಿಗೂ ಅಂಟದವಳು.
ಮಗಳು ಹಾಗಲ್ಲ.
ಹುಟ್ಟಿದ ಗಳಿಗೆಯಿಂದ ಅಂಟುಗುಣ.
ಸತ್ತ ಪಾಚಿಯ ಚಿಪ್ಪು, ಕ್ರಿಲ್ಲಿನ ಹಿಕ್ಕೆ,
ಹೆಸರಿಲ್ಲದ ಲೋಳೆಯ ಎಳೆ,
ಸಿಕ್ಕಿದ್ದನ್ನು ತಬ್ಬಿ ಇಳಿಯುತ್ತಾಳೆ
ಬೆಳಕು ಸೋಲುವಲ್ಲಿಗೆ.
ಇಪ್ಪತ್ನಾಲ್ಕು ದಿನಕ್ಕೆ ಅರ್ಧ,
ಮತ್ತೆ ಇಪ್ಪತ್ನಾಲ್ಕಕ್ಕೆ ಅರ್ಧದರ್ಧ.

ಮೇಲ್ನೀರಿನಲ್ಲಿ ನಾವು ಹುಡುಕುವುದು ಇರುವವರನ್ನಲ್ಲ.
ತಾಯಿಯ ಲೆಕ್ಕಕ್ಕೆ ಎಷ್ಟು ಹೆಣ್ಣುಮಕ್ಕಳಿರಬೇಕಿತ್ತು,
ಎಷ್ಟು ಕಾಣೆ.
ಹೋಗುವಾಗ ಅವರ ಮಡಿಲಲ್ಲಿ ಎಷ್ಟು ಇಂಗಾಲವಿತ್ತು?
ಅದನ್ನು ಹೇಳಬೇಕಾದ್ದು ಲಿಂಡಲ್ ಪೈಬಸ್‌ಳ ಪಂಪು.

ಅದು ಮೂರನೇ ತಾಸಿಗೆ ಕೆಟ್ಟಿತು.
ಅರವತ್ತೊಂದರ ಲಿಂಡಲ್ ಇಲ್ಲಿ ಬರೆಯಲಾಗದ್ದೊಂದು ಅಂದು
ಬರಿಗೈಯಲ್ಲಿ ಬಿಚ್ಚಿದಳು, ಬೆರಳೆಲ್ಲ ಕೆಂಪು.
ಗ್ಲೌಸು ಹಾಕಿದರೆ ಬೋಲ್ಟು ಏನನ್ನುತ್ತದೆ ಕೇಳಿಸುವುದಿಲ್ಲವಂತೆ.
ಮತ್ತೆ ಇಳಿಸಿದೆವು.
ಹಗ್ಗದ ಆ ತುದಿ ಕೆಲಸ ಮಾಡುವವರೆಗೆ
ಈ ತುದಿಯಲ್ಲಿ ಮಾತು ಬಿಟ್ಟರೆ ಕೆಲಸವಿಲ್ಲ.
ನಿಮ್ಮ ಭಾಷೆಯಲ್ಲಿ ಮೈನಸ್ಸಿಗೆ ಏನು, ಕೇಳಿದಳು.
ಕಳೆ, ಅಂದೆ. ಐದರಲ್ಲಿ ಎರಡು ಕಳೆ.
ದಿನ ಕಳೆಯುವುದಕ್ಕೂ ಅದೇ ಮಾತು,
ಉಂಗುರ ಕಳೆದುಹೋದರೂ ಅದೇ.
ಸ್ವಲ್ಪ ಹೊತ್ತು ನೀರು ನೋಡಿ ಅಂದಳು:
ಒಂದೇ ಸ್ಪ್ಯಾನರಿಗೆ ಮೂರು ನಟ್ಟು.

ಟಿಕ್.
ಬಹಳ ಹೊತ್ತಿನ ಮೇಲೆ, ಟಿಕ್.
ಇದು ಯಾರದು? ಇಟ್ಟಿಗೆಯದೋ,
ಸೀಸವನ್ನೂ ತೂರಿ ಆಕಾಶದಿಂದ ಬಂದದ್ದೋ?
ಗೊತ್ತಾಗದ್ದನ್ನೆಲ್ಲ ಹಿನ್ನೆಲೆ ಎಂದು ಬರೆಯುತ್ತೇವೆ.

ಏಪ್ರಿಲ್‌ನಲ್ಲಿ ಅವಳು ನಿವೃತ್ತಳಾದಳು.
ಗೀವ್ಸ್‌ಟನ್‌ನಲ್ಲಿ, ಅಕ್ಕನ ಸೇಬಿನ ತೋಟದಲ್ಲಿ,
ಔಷಧಿ ಹೊಡೆಯುವ ಪಂಪುಗಳನ್ನು ಬೈಯುತ್ತಿದ್ದಾಳೆ.
ನಿನ್ನೆ ರಾತ್ರಿ ಮೆಸೇಜು:
ನೂರೈವತ್ತು ಹೇಗಿದೆ?

ಜನವರಿಯಲ್ಲಿ ನಿಮಿಷಕ್ಕೆ ಎರಡು ಪಾಯಿಂಟ್ ಆರು.
ಈ ಬೆಳಿಗ್ಗೆ ಸೊನ್ನೆ ಪಾಯಿಂಟ್ ನಾಲ್ಕು.
ಬಿಲ್ಲೆಯ ಮೇಲಿನ ತೆಳು ಹಾಳೆಯಡಿ, ಅಂಚಿಗೆ,
ಒಂದು ಗಿಡ್ಡ ನರೆಗೂದಲು.
ಆರು ತಿಂಗಳಿಂದ ಅಲ್ಲೇ ಮಲಗಿದೆ.
ದಾಖಲೆ ಪುಸ್ತಕದಲ್ಲಿ ಬರೆದೆ: ಕೂದಲು, ಒಂದು.
ಎಣಿಕೆಗೆ ಬಾಧಕವಿಲ್ಲ.

ಅವಳಿಗೂ ಬರೆದೆ: ನೂರೈವತ್ತು ಚೆನ್ನಾಗಿದೆ.
ಅದರೊಳಗೆ ನಿನ್ನದೊಂದು ಕೂದಲಿದೆ.

ಮಧ್ಯಾಹ್ನ ಉತ್ತರ ಬಂತು, ಒಂದೇ ಪದ,
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.
ಕಳೆ ಎಂದು ಓದಬಹುದು,
ಕಲೆ ಎಂದೂ.

ಟಿಕ್.